ವಕೀಲರು ಫೋನೇ ಎತ್ತಲ್ಲ, ಚೆಕ್ ಬೌನ್ಸ್ ಕೇಸು ಅರ್ಧದಲ್ಲಿ ಬೇರೆಯವರಿಗೆ ಕೊಡಬಹುದಾ?

ಪೀಣ್ಯ_ಪೌಡರ್‌ಕೋಟ್

ಎಲ್ರಿಗೂ ನಮಸ್ಕಾರ. ಪೀಣ್ಯ 2ನೇ ಸ್ಟೇಜಲ್ಲಿ ನಂದು ಸಣ್ಣದೊಂದು ಪೌಡರ್ ಕೋಟಿಂಗ್ ಯೂನಿಟ್ ಇದೆ, ಏಳು ಜನ ಕೆಲಸಗಾರರು. ಬೊಮ್ಮಸಂದ್ರ ಕಡೆಯ ಒಂದು ಪಾರ್ಟಿಗೆ ಎಂಟು ತಿಂಗಳು ಜಾಬ್ ವರ್ಕ್ ಮಾಡಿಕೊಟ್ಟೆ, ಬಾಕಿ 6,80,000 ನಿಂತೋಯ್ತು, ಕೇಳಿ ಕೇಳಿ ಸಾಕಾದ್ಮೇಲೆ 4,60,000ಕ್ಕೆ ಒಂದು ಚೆಕ್ ಕೊಟ್ಟ, ಅದೂ ಬೌನ್ಸು. ಪರಿಚಯದವರು ಹೇಳಿದ ವಕೀಲರ ಹತ್ರ ಹೋದೆ, 25,000 ಕೊಟ್ಟೆ, ನೋಟಿಸ್ ಕಳ್ಸಿದ್ರು, ಆಮೇಲೆ ಏಪ್ರಿಲ್ ಕೊನೇಲಿ "ಫೈಲ್ ಆಗಿದೆ, ನಾವು ನೋಡ್ಕೋತೀವಿ, ನೀವು ಆರಾಮಾಗಿರಿ" ಅಂದ್ರು. ಅದಾಗಿ ಎರಡೂವರೆ ತಿಂಗಳು. ಫೋನ್ ಮಾಡಿದ್ರೆ ಎತ್ತಲ್ಲ, ವಾಟ್ಸಾಪಲ್ಲಿ ಬ್ಲೂ ಟಿಕ್ ಬರತ್ತೆ ಉತ್ತರ ಬರಲ್ಲ. ಎರಡು ಸಲ ಆಫೀಸಿಗೆ ಹೋದೆ, ಒಂದು ಸಲ ಬೀಗ, ಇನ್ನೊಂದು ಸಲ "ಸರ್ ಕೋರ್ಟಲ್ಲಿದಾರೆ".

ದುಡ್ಡು ಹೋದ್ರೆ ಹೋಯ್ತು ಅನ್ಕೊಂಡು ಬೇರೆ ವಕೀಲರನ್ನ ಹಿಡೀಲಾ? ಫೈಲ್ ವಾಪಸ್ ಕೊಡ್ತಾರಾ? ಇವರ ಮೇಲೆ ಕನ್ಸ್ಯೂಮರ್ ಕೋರ್ಟಿಗೆ ಹೋಗ್ಬಹುದು ಅಂತ ನನ್ನ ಬಾಮೈದ ಹೇಳ್ತಿದಾನೆ, ನಿಜಾನಾ?

ಮೆಜೆಸ್ಟಿಕ್_ಬೈಟು

ಗುರು ಎಲ್ಲಾ ವಕೀಲರ ಹಣೆಬರಹ ಇಷ್ಟೇ. ದುಡ್ಡು ಕೈಗೆ ಬೀಳೋವರೆಗೆ "ಬನ್ನಿ ಸರ್ ಕಾಫಿ ತಗೊಳಿ", ಆಮೇಲೆ ನೀನ್ಯಾರೋ ನಾನ್ಯಾರೋ. ಮುಂದಿನವರ ಹತ್ರ "ರಿಕವರಿ ಆದ್ರೆ ಅದ್ರಲ್ಲಿ 15 ಪರ್ಸೆಂಟ್ ನಿಮ್ಗೆ" ಅಂತ ಮಾತಾಡ್ಕೋ, ಆಗ ಓಡಾಡ್ತಾರೆ ನೋಡು.

ಗುಮಾಸ್ತ_22ವರ್ಷ

ಪೀಣ್ಯ ಅವರೇ, ಮೊದಲು ಒಂದು ಪ್ರಶ್ನೆ. ನಿಮ್ಮ ಹತ್ರ ಸಿಎನ್‌ಆರ್ ನಂಬರ್ ಇದೆಯಾ? ಪ್ರತೀ ಕೇಸಿಗೂ ಕೋರ್ಟು ಕೊಡೋ ಗುರುತಿನ ನಂಬರ್ ಅದು, ಹದಿನಾರು ಅಕ್ಷರದ್ದು, ಬೆಂಗಳೂರಿಂದಾದ್ರೆ ಕೆಎಬಿಸಿ ಅಂತ ಶುರುವಾಗತ್ತೆ. ಇಲ್ಲ ಅಂದ್ರೆ ಈಗ್ಲೇ ಇ-ಕೋರ್ಟ್ಸ್ ಆ್ಯಪ್ ಹಾಕ್ಕೊಂಡು ಪಾರ್ಟಿ ಹೆಸರಲ್ಲಿ ಹುಡುಕಿ, ಜಿಲ್ಲೆ ಬೆಂಗಳೂರು, ಕೋರ್ಟ್ ಕಾಂಪ್ಲೆಕ್ಸ್ ಯಾವ್ದೋ ಗೊತ್ತಿಲ್ಲದಿದ್ರೆ ಒಂದೊಂದಾಗಿ ನೋಡಿ, ಮೇಯೋ ಹಾಲು, ನೃಪತುಂಗ ರೋಡು, ಸಿಟಿ ಸಿವಿಲ್ಲು. ನಿಮ್ಮ ಹೆಸರಲ್ಲೂ ಹುಡುಕಿ, ಯೂನಿಟ್ ಹೆಸರಲ್ಲೂ ಹುಡುಕಿ, ಸ್ಪೆಲ್ಲಿಂಗ್ ಒಂದಕ್ಷರ ಆಚೀಚೆ ಹಾಕಿರ್ತಾರೆ. ಹಂಗೆ ಹಾಕಿದ್ದು ನಮ್ಮಂಥೋರೇ ಇರ್ತೀವಿ, ಅದು ಬೇರೆ ಮಾತು.

ಕೇಸ್ ಫೈಲ್ ಆಗಿದ್ಯೋ ಇಲ್ವೋ ಅನ್ನೋದು ಗೊತ್ತಾಗದೆ ವಕೀಲರನ್ನ ಬದಲಾಯಿಸೋ ಮಾತೇ ಬೇಡ. ಚೆಕ್ ಕೇಸಲ್ಲಿ ಎಲ್ಲಾ ತಾರೀಖಿನ ಮೇಲೇ ನಿಂತಿರೋದು.

ಹನುಮಂತನಗರ_ಆಂಟಿ

ನೋಡಪ್ಪ, ನಾನು ಅಣ್ಣತಮ್ಮಂದಿರ ಜೊತೆ ಪಾರ್ಟಿಷನ್ ಸೂಟಲ್ಲಿ ಹನ್ನೊಂದು ವರ್ಷ ಓಡಾಡಿದೋಳು, ಮೂರು ವಕೀಲರನ್ನ ನೋಡಿದೀನಿ. ಮೊದಲನೆಯವರು ದೊಡ್ಡ ಹೆಸರು, ನನ್ನ ಫೈಲ್ ಅವರು ಓದೇ ಇರ್ಲಿಲ್ಲ, ಜಡ್ಜ್ ಏನೋ ಕೇಳಿದ್ರು, ಇವರು ಜೂನಿಯರ್ ಕಡೆ ತಿರುಗಿದ್ರು, ಜೂನಿಯರ್ ನನ್ನ ಕಡೆ ತಿರುಗಿದ. ಎರಡನೆಯವರು ಒಳ್ಳೇರು, ತೀರಿಕೊಂಡ್ರು ಪಾಪ. ಮೂರನೆಯವರು ಹೆಣ್ಣುಮಗಳು, ಮೊದಲ ದಿನವೇ ಒಂದು ನೋಟ್‌ಬುಕ್ ಕೊಟ್ಟು "ಅಮ್ಮಾ, ಪ್ರತೀ ಹಿಯರಿಂಗ್ ಆದ್ಮೇಲೆ ಏನಾಯ್ತು ಅಂತ ಒಂದು ಸಾಲು ನೀವೇ ಬರ್ಕೊಳಿ, ಬರ್ಯೋಕಾಗ್ಲಿಲ್ಲ ಅಂದ್ರೆ ನಾನು ಸರಿಯಾಗಿ ಹೇಳಿಲ್ಲ ಅಂತ ಅರ್ಥ, ಆಗ ನನ್ನನ್ನ ಕೇಳಿ" ಅಂದ್ರು. ಆ ನೋಟ್‌ಬುಕ್ಕೇ ನನ್ನ ಕೇಸ್ ಗೆಲ್ಲಿಸ್ತು ಅಂತ ಹೇಳಲ್ಲ, ಆದ್ರೆ ರಾತ್ರಿ ನಿದ್ದೆ ಬರ್ತಿತ್ತು.

ಒಂದು ಮಾತು. ಎಷ್ಟೇ ಪರಿಚಯ ಇದ್ರೂ ಖಾಲಿ ಹಾಳೆಗೆ, ಖಾಲಿ ಸ್ಟ್ಯಾಂಪ್ ಪೇಪರಿಗೆ ಸೈನ್ ಹಾಕ್ಬೇಡ. ವಕಾಲತ್ತಿನಲ್ಲೂ ಕೋರ್ಟ್ ಹೆಸರು, ಪಾರ್ಟಿ ಹೆಸರು ತುಂಬಿದ್ಮೇಲೆ ಸೈನ್ ಮಾಡು.

ಕರಿಕೋಟು

ವಕೀಲ ನಾನು, ಗಾಂಧಿನಗರದಲ್ಲಿ ಸಣ್ಣ ಆಫೀಸು. ಒಂದೊಂದಾಗಿ ಹೇಳ್ತೀನಿ, ಉದ್ದ ಆಗತ್ತೆ, ಬೈಕೋಬೇಡಿ.

ಬೈಟು ಅವರೇ, ಗೆದ್ರೆ ಇಷ್ಟು ಪರ್ಸೆಂಟು ಅನ್ನೋ ಫೀಸು ನಮ್ಮ ದೇಶದಲ್ಲಿ ವಕೀಲರು ಮಾತಾಡೋ ಹಾಗೇ ಇಲ್ಲ, ಬಾರ್ ಕೌನ್ಸಿಲ್ ನಿಯಮ 20 ಅದಕ್ಕೇ ಇರೋದು. ಅಮೆರಿಕದ ಸಿನಿಮಾ ನೋಡಿ ಕೇಳೋರು ಬಹಳ. ಹಂಗೆ ಒಪ್ಕೊಳ್ಳೋ ವಕೀಲ ಸಿಕ್ಕಿದ್ರೆ ನಿಮಗೇ ಭಯ ಆಗ್ಬೇಕು, ನಿಯಮ ಮುರಿಯೋಕೆ ಮೊದಲ ದಿನವೇ ರೆಡಿ ಇರೋರು ನಿಮ್ಮ ದುಡ್ಡು ಬಂದ ದಿನ ಏನ್ ಮಾಡ್ತಾರೋ ಯಾರಿಗೆ ಗೊತ್ತು.

ಬಾಮೈದನಿಗೆ ಹೇಳಿ, ಕನ್ಸ್ಯೂಮರ್ ಕೋರ್ಟ್ ದಾರಿ ಮುಚ್ಚಿದೆ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆ ಒಳಗೆ ಬರಲ್ಲ ಅಂತ ತೀರ್ಪು ಕೊಟ್ಟಿದೆ. ನಿಜವಾಗ್ಲೂ ದುರ್ನಡತೆ ಇದ್ರೆ ರಾಜ್ಯ ಬಾರ್ ಕೌನ್ಸಿಲ್‌ಗೆ ಅಡ್ವೊಕೇಟ್ಸ್ ಆ್ಯಕ್ಟ್ 35ನೇ ಸೆಕ್ಷನ್ ಕೆಳಗೆ ದೂರು ಕೊಡ್ಬಹುದು. ಆದ್ರೆ ಫೋನ್ ಎತ್ತಲ್ಲ ಅನ್ನೋದೊಂದೇ ಇಟ್ಕೊಂಡು ಹೋದ್ರೆ ನಿಮ್ಮ ಟೈಮು ವೇಸ್ಟು.

ಫೈಲ್ ವಿಚಾರ. ಫೀಸು ಬಾಕಿ ಇದೆ ಅಂತ ವಕೀಲರು ಕಕ್ಷಿದಾರರ ಫೈಲನ್ನ ಒತ್ತೆ ಇಟ್ಕೊಳೋ ಹಾಗಿಲ್ಲ, ಸುಪ್ರೀಂ ಕೋರ್ಟು 2000ನೇ ಇಸವೀಲೇ ಹೇಳಿದೆ. ಬಾಕಿ ಫೀಸಿಗೆ ಬೇಕಾದ್ರೆ ಬೇರೆ ದಾವೆ ಹಾಕ್ಕೋಬೇಕು. ಆದ್ರೆ ಈ ತೀರ್ಪು ತಗೊಂಡು ಹೋಗಿ ಮೇಜಿನ ಮೇಲೆ ಕುಕ್ಕಬೇಡಿ, ಮಾತಾಡಿದ್ರೆ ನೂರಕ್ಕೆ ತೊಂಬತ್ತು ಸಲ ಫೈಲ್ ಬರತ್ತೆ.

ಈಗ ನಿಮ್ಮ ಕೇಸು. ಚೆಕ್ ವಾಪಸ್ ಆಯ್ತು ಅಂತ ಬ್ಯಾಂಕ್ ಕೊಡೋ ಮೆಮೊ ಯಾವತ್ತು ಸಿಕ್ತು, ನೋಟಿಸ್ ಯಾವತ್ತು ಕಳ್ಸಿದ್ದು, ಅವನ ಕೈಗೆ ಯಾವತ್ತು ಸೇರ್ತು, ಕಂಪ್ಲೇಂಟ್ ಯಾವತ್ತು ಫೈಲ್ ಆಯ್ತು, ಈ ನಾಲ್ಕು ತಾರೀಖು ಹಾಕಿ. ಇನ್ನೊಂದು, ಚೆಕ್ ಪ್ರೈವೇಟ್ ಲಿಮಿಟೆಡ್ ಅಕೌಂಟಿಂದಾ, ಅವನ ಸ್ವಂತ ಅಕೌಂಟಿಂದಾ? ಕಂಪನಿ ಚೆಕ್ಕಾದ್ರೆ ಕಂಪನೀನೂ ಆರೋಪಿ ಮಾಡಿರ್ಬೇಕು, ಬರೀ ಡೈರೆಕ್ಟರ್ ಹೆಸರು ಹಾಕಿದ್ರೆ ಕೇಸು ನಿಲ್ಲಲ್ಲ.

ಪೀಣ್ಯ_ಪೌಡರ್‌ಕೋಟ್

ಸಿಕ್ತು ಸಿಕ್ತು! ಗುಮಾಸ್ತ ಸರ್ ದೊಡ್ಡ ಥ್ಯಾಂಕ್ಸ್, ನನ್ನ ಹೆಸರಲ್ಲಿ ಎರಡು ಎಲ್ ಹಾಕಿದಾರೆ ಅದಕ್ಕೇ ಸಿಗ್ತಿರ್ಲಿಲ್ಲ.

ತಾರೀಖು: ಮೆಮೊ ಮಾರ್ಚ್ 3. ನೋಟಿಸ್ ಸ್ಪೀಡ್ ಪೋಸ್ಟ್ ಮಾರ್ಚ್ 21. ಅವನಿಗೆ ಸೇರಿದ್ದು ಮಾರ್ಚ್ 25. ಫೈಲಿಂಗ್ ಏಪ್ರಿಲ್ 28. ಚೆಕ್ ಅವನ ಪ್ರೊಪ್ರೈಟರ್‌ಶಿಪ್ಪಿಂದು, ಕಂಪನಿ ಅಲ್ಲ.

ಆದ್ರೆ ಆ್ಯಪಲ್ಲಿ ಹಿಸ್ಟರಿ ಒತ್ತಿದ್ರೆ ಮೂರು ತಾರೀಖು ತೋರಿಸ್ತಿದೆ, ಎರಡರಲ್ಲಿ "ಕಂಪ್ಲೇನೆಂಟ್ ಆ್ಯಬ್ಸೆಂಟ್" ಅಂತಿದೆ. ಕಂಪ್ಲೇನೆಂಟ್ ಅಂದ್ರೆ ನಾನೇ ತಾನೇ? ನನ್ಗೆ ಯಾರೂ ಬಾ ಅಂತ ಹೇಳೇ ಇಲ್ವಲ್ಲ. ಮುಂದಿನ ಡೇಟು ಬರೋ ಗುರುವಾರ.

ಗುಮಾಸ್ತ_22ವರ್ಷ

ಅಯ್ಯೋ ನೀವೇ ಸ್ವಾಮಿ. ಸ್ವೋರ್ನ್ ಸ್ಟೇಟ್‌ಮೆಂಟಿಗೆ (ಪ್ರಮಾಣ ಮಾಡಿ ನೀವು ಕೊಡೋ ಹೇಳಿಕೆ) ಇಟ್ಟಿರ್ತಾರೆ, ನಿಮ್ಮ ಅಫಿಡವಿಟ್ಟು, ಅಸಲು ಚೆಕ್ಕು, ಮೆಮೊ, ನೋಟಿಸ್ ಕಾಪಿ, ಪೋಸ್ಟಲ್ ರಸೀದಿ ಎಲ್ಲಾ ಸಾಕ್ಷ್ಯ ಅಂತ ನಂಬರ್ ಹಾಕಿ ಮಾರ್ಕ್ ಆಗೋದು ಅವತ್ತೇ. ಗುರುವಾರ ಹೋಗ್ಲೇಬೇಕು, ಹತ್ತೂವರೆಗೆ ಮುಂಚೆ ಹಾಲ್ ಮುಂದೆ ಇರಿ. ಹೊರಗಡೆ ಕಾಸ್ ಲಿಸ್ಟ್ (ಅವತ್ತಿನ ಕೇಸುಗಳ ಪಟ್ಟಿ) ಅಂಟಿಸಿರ್ತಾರೆ, ನಿಮ್ಮ ನಂಬರ್ ಎಷ್ಟನೇದು ನೋಡ್ಕೊಳಿ, ಕೂಗಿದಾಗ ಟೀ ಕುಡಿಯೋಕೆ ಹೋಗಿದ್ದೆ ಅನ್ನೋ ಹಾಗಿಲ್ಲ. ಕೂಗೋರು ಹೆಸರು ಯಾವ ಧಾಟೀಲಿ ಕೂಗ್ತಾರೆ ಅಂದ್ರೆ ನಿಮ್ಮ ಹೆಸರು ನಿಮಗೇ ಗೊತ್ತಾಗಲ್ಲ, ಕಿವಿ ಕೊಟ್ಟು ನಿಂತ್ಕೊಳಿ.

ಕರಿಕೋಟು

ತಾರೀಖು ಸರಿ ಇವೆ, ನಿಟ್ಟುಸಿರು ಬಿಡಿ. ಮೆಮೊ ಸಿಕ್ಕಿ 30 ದಿನದೊಳಗೆ ನೋಟಿಸ್, ಆಯ್ತು. ನೋಟಿಸ್ ಸೇರಿದ್ಮೇಲೆ ದುಡ್ಡು ಕೊಡೋಕೆ ಅವನಿಗೆ 15 ದಿನ, ಏಪ್ರಿಲ್ 9ಕ್ಕೆ ಮುಗೀತು. ಅಲ್ಲಿಂದ ಒಂದು ತಿಂಗಳೊಳಗೆ ಕಂಪ್ಲೇಂಟ್, ನಿಮ್ದು ಏಪ್ರಿಲ್ 28. ಅಂದ್ರೆ ನಿಮ್ಮ ವಕೀಲರು ಕೆಲಸ ಮಾಡಿದಾರೆ. ಅರ್ಜೆಂಟ್ ಅಂತ ಆ 15 ದಿನ ಮುಗಿಯೋಕೆ ಮುಂಚೆನೇ ಫೈಲ್ ಮಾಡಿ ಕೇಸ್ ಕಳ್ಕೊಂಡಿರೋರನ್ನೂ ನೋಡಿದೀನಿ, ಕಕ್ಷಿದಾರರೇ "ಬೇಗ ಹಾಕಿ ಬೇಗ ಹಾಕಿ" ಅಂತ ತಲೆ ತಿಂದಿರ್ತಾರೆ.

ಗೈರುಹಾಜರಿ ಮಾತ್ರ ಅಪಾಯ. ಈ ಹಂತದಲ್ಲಿ ಕಂಪ್ಲೇಂಟೇ ವಜಾ ಆಗ್ಬಹುದು, ಆರೋಪಿಗೆ ಸಮನ್ಸ್ ಆದ್ಮೇಲೆ ನೀವು ತಪ್ಪಿಸ್ಕೊಂಡ್ರೆ ಅವನನ್ನ ಬಿಡುಗಡೆ ಮಾಡೋಕೂ ಕೋರ್ಟಿಗೆ ಅಧಿಕಾರ ಇದೆ.

ಈಗ ಫೋನ್ ವಿಷಯ, ಇದನ್ನ ಹೇಳ್ಲೇಬೇಕು. ಸಣ್ಣ ಲಾ ಆಫೀಸ್ ಅನ್ನೋದು ಹೆಂಗೆ ನಡಿಯತ್ತೆ ಅಂತ ಹೊರಗಿನವರಿಗೆ ಗೊತ್ತಿಲ್ಲ. ಬೆಳಿಗ್ಗೆ ಒಂದು ಕೇಸು ಸಿಟಿ ಸಿವಿಲ್ ಕೋರ್ಟಲ್ಲಿ, ಇನ್ನೊಂದು ಮೇಯೋ ಹಾಲಲ್ಲಿ, ಮೂರನೇದು ಫ್ಯಾಮಿಲಿ ಕೋರ್ಟಲ್ಲಿ, ಮೂರಕ್ಕೂ ಅದೇ ಟೈಮು. ಕೆಆರ್ ಸರ್ಕಲ್ ಸಿಗ್ನಲ್ಲಲ್ಲೇ ಅರ್ಧ ವಕಾಲತ್ತು ಹೋಗತ್ತೆ. ಕೋರ್ಟ್ ಹಾಲಲ್ಲಿ ಫೋನ್ ಸೈಲೆಂಟು. ಸಂಜೆ ಐದಕ್ಕೆ ಆಫೀಸಿಗೆ ಬಂದ್ರೆ ನಲವತ್ತು ಮಿಸ್ಡ್ ಕಾಲು, ಅದ್ರಲ್ಲಿ ಮೂವತ್ತು "ಸರ್ ನಮ್ದು ಏನಾಯ್ತು" ಅಂತ. ಮತ್ತೆ ನಾಳೆಯ ಡ್ರಾಫ್ಟಿಂಗು. ಬಾಡಿಗೆ, ಗುಮಾಸ್ತರ ಸಂಬಳ, ಟೈಪಿಂಗು, ಜೂನಿಯರ್‌ಗೆ ಸ್ಟೈಪೆಂಡು. ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರಲ್ಲಿ ನಗರದಲ್ಲಿ ಜೂನಿಯರ್‌ಗೆ ಕನಿಷ್ಠ 20,000 ಕೊಡಿ ಅಂತ ಸರ್ಕ್ಯುಲರ್ ಮಾಡ್ತು, ಬರೀ ಶಿಫಾರಸು. ಎಷ್ಟು ಆಫೀಸಲ್ಲಿ ಕೊಡ್ತಾರೆ ಅಂತ ನನ್ನ ಕೇಳ್ಬೇಡಿ, ಕೊಡೋಕಾಗದೇ ನನ್ನ ಇಬ್ಬರು ಒಳ್ಳೇ ಜೂನಿಯರ್‌ಗಳು ಔಟರ್ ರಿಂಗ್ ರೋಡ್ ಕಂಪನಿಗಳಿಗೆ ಹೋದ್ರು. ಜೂನಿಯರ್ ಹೋದ ದಿನ ಅವನ ತಲೇಲಿದ್ದ ಅರವತ್ತು ಕೇಸಿನ ನೆನಪೂ ಅವನ ಜೊತೆ ಹೋಗತ್ತೆ. ಆಗ್ಲೇ ಇಂಥ "ಆ್ಯಬ್ಸೆಂಟ್" ಆಗೋದು.

ಇದು ಸಮರ್ಥನೆ ಅಲ್ಲ. ಡೇಟ್ ಹೇಳೋದು ನಮ್ಮ ಕೆಲಸ, ಹೇಳ್ಲಿಲ್ಲ ಅಂದ್ರೆ ತಪ್ಪು ನಮ್ದೇ. ಆದ್ರೆ ರಾತ್ರಿ ಹನ್ನೊಂದಕ್ಕೆ ಒಂಬತ್ತು ನಿಮಿಷದ ವಾಯ್ಸ್ ನೋಟ್ ಕಳ್ಸಿದ್ರೆ ಯಾವ ವಕೀಲರೂ ಕೇಳಲ್ಲ ಕಣ್ರೀ. ನನ್ನ ಒಬ್ಬ ಕ್ಲೈಂಟು, ಚಿಕ್ಕಪೇಟೆ ಬಟ್ಟೆ ವ್ಯಾಪಾರಿ, ಪ್ರತೀ ಶನಿವಾರ ಒಂದೇ ಮೆಸೇಜು: ಕೇಸ್ ನಂಬರು, ಮುಂದಿನ ಡೇಟು, "ನಾನು ಬರಬೇಕಾ? ಏನಾದ್ರೂ ತರಬೇಕಾ?" ಅಷ್ಟೇ. ಅವರಿಗೆ ನಾನು ಇವತ್ತಿನವರೆಗೆ ಉತ್ತರ ಕೊಡದೇ ಇದ್ದದ್ದಿಲ್ಲ, ಯಾಕಂದ್ರೆ ಹೂಂ ಅಥವಾ ಊಹೂಂ ಅಂದ್ರೆ ಸಾಕು.

ಮೆಜೆಸ್ಟಿಕ್_ಬೈಟು

ಅಂದ್ರೆ ದುಡ್ಡೂ ನಾವೇ ಕೊಡ್ಬೇಕು, ಡೇಟೂ ನಾವೇ ನೋಡ್ಬೇಕು, ಶನಿವಾರ ಶನಿವಾರ ಪೂಜೆನೂ ನಾವೇ ಮಾಡ್ಬೇಕು. ಸರಿ ಬಿಡಿ ಲಾಯರ್ ಸಾಹೇಬ್ರೇ 😄

ಎಚ್ಎಸ್ಆರ್_ಇನ್‌ಹೌಸ್

ಬೈಟು ಹೇಳಿದ್ದು ತಮಾಷೆಗೇ ಆದ್ರೂ, ಹೌದು, ನೋಡ್ಬೇಕು. ನಾನು ಕಂಪನಿ ಒಳಗಿನ ಲೀಗಲ್ ಟೀಮಲ್ಲಿದೀನಿ, ದೊಡ್ಡ ದೊಡ್ಡ ಫರ್ಮ್‌ಗಳಿಗೆ ಲಕ್ಷಗಟ್ಟಲೆ ಕೊಟ್ಟೂ ನಮ್ಮದೇ ಒಂದು ಶೀಟ್ ಇಟ್ಕೋತೀವಿ. ಕೇಸು ನಮ್ದು, ಅವರಿಗೆ ಅದು ನೂರರಲ್ಲಿ ಒಂದು.

ಪೀಣ್ಯ ಅವರು ಮಾಡ್ಬೇಕಾದ್ದು ಒಂದು ಹಾಳೆ. ನನ್ನ ಶೀಟಲ್ಲಿ ಸಾಲುಗಳು ಹಿಂಗಿರ್ತವೆ: "ಮಾರ್ಚ್ 3, ಚೆಕ್ ವಾಪಸ್, ಕಾರಣ ಫಂಡ್ಸ್ ಇನ್‌ಸಫಿಶಿಯೆಂಟ್, ಮೆಮೊ ಅಸಲು ವಕೀಲರ ಹತ್ರ, ಸ್ಕ್ಯಾನ್ ನಮ್ಮ ಹತ್ರ." ಕೊನೇ ತುಂಡು ಬಹಳ ಮುಖ್ಯ, ಅಸಲು ಯಾರ ಹತ್ರ ಇದೆ ಅನ್ನೋದು. ಪೋಸ್ಟಿನ ಟ್ರ್ಯಾಕಿಂಗ್ ಪೇಜು ಡೆಲಿವರಿ ಆದ ದಿನವೇ ಪ್ರಿಂಟ್ ತಗೊಳಿ, ಒಂದು ವರ್ಷ ಬಿಟ್ಟು ಹುಡುಕಿದ್ರೆ ಅಲ್ಲಿರಲ್ಲ. ಅವನು ವಾಟ್ಸಾಪಲ್ಲಿ "ಮುಂದಿನ ವಾರ ಹಾಕ್ತೀನಿ ಸರ್" ಅಂತ ಬರ್ದಿದ್ರೆ ಆ ಚಾಟ್ ಡಿಲೀಟ್ ಮಾಡ್ಬೇಡಿ, ಆ ಫೋನನ್ನ ಎಕ್ಸ್‌ಚೇಂಜಿಗೆ ಹಾಕ್ಬೇಡಿ, ಬರೀ ಸ್ಕ್ರೀನ್‌ಶಾಟ್ ಸಾಲಲ್ಲ. ಡಿಜಿಟಲ್ ದಾಖಲೆ ಅಸಲಿ ಅಂತ ಹೇಳೋ, ಹೊಸ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಸರ್ಟಿಫಿಕೇಟ್ ಬೇಕು, ಹಳೇದ್ರಲ್ಲಿ 65ಬಿ ಅಂತಿತ್ತಲ್ಲ, ಅದೇ.

ಫೀಸು ಬರಹದಲ್ಲಿ ಇಲ್ಲ ಅಂತ ಕಾಣತ್ತೆ. 25,000 ಯಾವುದಕ್ಕೆ? ನೋಟಿಸ್ ಸೇರಿನಾ? ಜಡ್ಜ್‌ಮೆಂಟ್ ತನಕನಾ? ಕ್ರಾಸಿಗೆ, ಅಂದ್ರೆ ಪಾಟಿ ಸವಾಲಿಗೆ, ಬೇರೆನಾ? ದೊಡ್ಡ ಅಗ್ರಿಮೆಂಟ್ ಬೇಡ, ಒಂದು ಇಮೇಲು ಸಾಕು, "ನಾವು ಮಾತಾಡಿದ ಪ್ರಕಾರ ಇಷ್ಟು, ಈ ಹಂತಕ್ಕೆ ಇಷ್ಟು ಕೊಟ್ಟಿದೀನಿ" ಅಂತ. ಬಿಲ್ಲಲ್ಲಿ ಜಿಎಸ್‌ಟಿ ಇಲ್ಲ ಅಂತ ಜಗಳ ಬೇಡ, ವಕೀಲರ ಫೀಸಿಗೆ ರಿವರ್ಸ್ ಚಾರ್ಜ್, ಕಟ್ಟೋದು ನಿಮ್ಮಂಥ ಬಿಸಿನೆಸ್ಸು, ನಿಮ್ಗೆ ಅನ್ವಯಿಸತ್ತಾ ಅಂತ ಆಡಿಟರ್ ಕೇಳಿ.

ಮತ್ತೆ ಚೆಕ್ 4,60,000, ಬಾಕಿ 6,80,000. ಉಳಿದ 2,20,000 ಕಥೆ ಏನು? ನಿಮ್ಮ ಯೂನಿಟ್ಟಿಗೆ ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮ ಅಂತ ಸರ್ಕಾರದ ನೋಂದಣಿ) ಇದೆಯಾ, ಕೆಲಸ ಮಾಡೋಕೆ ಮುಂಚಿನಿಂದ?

ಪೀಣ್ಯ_ಪೌಡರ್‌ಕೋಟ್

ಉದ್ಯಮ್ ಇದೆ ಮೇಡಂ, 2021ರಿಂದ. ಲೋನಿಗೆ ಬೇಕು ಅಂತ ಮಾಡ್ಸಿದ್ದು, ಇದಕ್ಕೂ ಬರತ್ತೆ ಅಂತ ಯಾರೂ ಹೇಳ್ಲಿಲ್ಲ.

ಕರಿಕೋಟು

ಇದು ಒಳ್ಳೇ ಪಾಯಿಂಟು, ನನ್ಗೇ ಹೊಳೀಬೇಕಿತ್ತು. 2006ರ ಎಂಎಸ್ಎಂಇ ಕಾಯ್ದೆ ಪ್ರಕಾರ ಸಣ್ಣ ಘಟಕಕ್ಕೆ ಹೆಚ್ಚಂದ್ರೆ 45 ದಿನದಲ್ಲಿ ದುಡ್ಡು ಕೊಡ್ಬೇಕು, ತಪ್ಪಿದ್ರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇಂಥ ಬಾಕಿ ವ್ಯಾಜ್ಯಕ್ಕೇ ಇರೋ ಫೆಸಿಲಿಟೇಷನ್ ಕೌನ್ಸಿಲ್ಲಿಗೆ ಅರ್ಜಿ ಹಾಕ್ಬಹುದು, ಚೆಕ್ ಕೇಸ್ ಕ್ರಿಮಿನಲ್, ಅದು ಅದರ ಪಾಡಿಗೆ ನಡೀಲಿ. ಕೋರ್ಟಲ್ಲಿ ಹಣ ವಸೂಲಿ ದಾವೆ ಹಾಕೋದಾದ್ರೆ ಬಿಲ್ ಬಾಕಿಗೆ 3 ವರ್ಷ ಮಿತಿ, ಮೊತ್ತ 3 ಲಕ್ಷ ದಾಟಿದ ವ್ಯಾಪಾರದ ವ್ಯಾಜ್ಯಕ್ಕೆ ಕಮರ್ಷಿಯಲ್ ಕೋರ್ಟು, ಅಲ್ಲಿ ತುರ್ತು ಪರಿಹಾರ ಕೇಳದಿದ್ರೆ ಮೊದಲು ಮೀಡಿಯೇಷನ್ನಿಗೆ ಹೋಗ್ಲೇಬೇಕು. ಗುರುವಾರ ನಿಮ್ಮ ವಕೀಲರನ್ನ ಇದನ್ನೂ ಕೇಳಿ.

ಹನುಮಂತನಗರ_ಆಂಟಿ

ಗುರುವಾರ ಹೋಗುವಾಗ ಸಿಟ್ಟಲ್ಲಿ ಹೋಗ್ಬೇಡಪ್ಪ. ಜಗಳ ಕಾರಿಡಾರಲ್ಲಿ ಆದ್ರೆ ಅದನ್ನ ಅವನ ಕಡೆ ವಕೀಲರೂ ನೋಡ್ತಿರ್ತಾರೆ.

ಗುಮಾಸ್ತ_22ವರ್ಷ

ಬದಲಾಯಿಸ್ಲೇಬೇಕು ಅನ್ಸಿದ್ರೆ ದಾರಿ ಹೇಳಿಟ್ಟಿರ್ತೀನಿ. ಹೊಸ ವಕೀಲರ ವಕಾಲತ್ತಿನ ಮೇಲೆ ಹಳೇ ವಕೀಲರ ಹತ್ರ "ನೋ ಅಬ್ಜೆಕ್ಷನ್" ಅಂತ ಸೈನ್ ಹಾಕಿಸ್ಕೋಬೇಕು, ಹಾಕಲ್ಲ ಅಂದ್ರೆ ಕೋರ್ಟ್ ಅನುಮತಿ ಕೇಳ್ಬೇಕು. ಹೊಸಬರು ಸಿಗೋವರೆಗೆ ಹಳಬರಿಗೆ ಬೇಡ ಅನ್ಬೇಡಿ. ಮಧ್ಯದಲ್ಲಿ ಒಂದು ಡೇಟ್ ಬಿದ್ರೆ ನಿಮ್ಮ ಪರವಾಗಿ ನಿಲ್ಲೋಕೆ ಯಾರೂ ಇರಲ್ಲ.

ಪೀಣ್ಯ_ಪೌಡರ್‌ಕೋಟ್

ಗುರುವಾರದ ಕಥೆ. ಒಂಬತ್ತೂಮುಕ್ಕಾಲಿಗೇ ಹೋಗಿ ನಿಂತೆ. ಲಿಸ್ಟಲ್ಲಿ ನಮ್ದು 47ನೇದು. ವಕೀಲರು ಹತ್ತೂಮುಕ್ಕಾಲಿಗೆ ಓಡ್ತಾ ಬಂದ್ರು, ನನ್ನ ನೋಡಿ ಅವರೇ "ಎಲ್ರೀ ಇದ್ರಿ ನೀವು, ಎಷ್ಟು ಸಲ ಫೋನ್ ಮಾಡಿಸ್ಬೇಕು ನಿಮ್ಗೆ" ಅಂತ ನನ್ನ ಮೇಲೇ ರೇಗಿದ್ರು. ನನ್ಗೆ ಮೈ ಉರಿದೋಯ್ತು. ಆಮೇಲೆ ಅವರ ಫೈಲ್ ಬಿಚ್ಚಿ ತೋರಿಸಿದ್ರು, ಮೇಲ್ಗಡೆ ರಟ್ಟಿನ ಮೇಲೆ ಪೆನ್ಸಿಲಲ್ಲಿ ಬರೆದಿದ್ದ ನಂಬರು ನನ್ನ ಹಳೇ ಯೂನಿಟ್ ನಂಬರು, ಜನವರೀಲೇ ಸರೆಂಡರ್ ಮಾಡಿದ್ದು. ವಿಸಿಟಿಂಗ್ ಕಾರ್ಡು ಹಳೇದೇ ಕೊಟ್ಟಿದ್ದೆ ನಾನು. ಅವರ ಜೂನಿಯರ್ ಪಾಪ ಅದಕ್ಕೇ ಫೋನ್ ಮಾಡ್ತಿದ್ನಂತೆ, ಮೇ ತಿಂಗಳಲ್ಲಿ ಅವನೂ ಬಿಟ್ಟೋದ. ನನ್ನ ವಾಟ್ಸಾಪ್ ನೋಡಿಯೂ ಯಾಕೆ ಉತ್ತರ ಕೊಡ್ಲಿಲ್ಲ ಅಂದ್ರೆ, "ಹೆಸರು ಸೇವ್ ಇರ್ಲಿಲ್ಲ, ಬರೀ ಹಲೋ ಸರ್ ಹಲೋ ಸರ್ ಅಂತ ಇತ್ತು, ಯಾರು ಅಂತ ಗೊತ್ತಾಗ್ಲಿಲ್ಲ" ಅಂದ್ರು. ಹೋಗಿ ನೋಡಿದ್ರೆ ನಿಜ, ನಾನು ಎಲ್ಲೂ ಹೆಸರಾಗ್ಲಿ ಕೇಸ್ ನಂಬರಾಗ್ಲಿ ಬರ್ದೇ ಇಲ್ಲ. ಆದ್ರೂ ಕೇಳ್ಬಹುದಿತ್ತಲ್ವಾ ಯಾರು ಅಂತ. ಅದನ್ನ ಹೇಳ್ದೆ, ಅವರೂ ಸುಮ್ಮನಾದ್ರು.

ಅಫಿಡವಿಟ್ ಹಾಕಿದ್ರು, ದಾಖಲೆ ಮಾರ್ಕ್ ಆಯ್ತು, ನನ್ನ ಕೆಲಸ ನಾಲ್ಕು ನಿಮಿಷ. ಕಾಯ್ದಿದ್ದು ಎರಡೂವರೆ ಗಂಟೆ. ವಕೀಲರನ್ನ ಬದಲಾಯಿಸ್ಲಿಲ್ಲ. ಸಂಜೆ ಆಫೀಸಿಗೆ ಹೋಗಿ ಕೂತು ಫೀಸು ಹಂತ ಹಂತವಾಗಿ ಒಂದು ಹಾಳೇಲಿ ಬರೆಸ್ಕೊಂಡೆ, ಅವರೂ ಸೈನ್ ಮಾಡಿದ್ರು. 20 ಪರ್ಸೆಂಟ್ ಮಧ್ಯಂತರ ಪರಿಹಾರ ಅಂತ ಏನೋ ಇದೆಯಂತಲ್ಲ, ಅದಕ್ಕೆ ಅವನು ಕೋರ್ಟಿಗೆ ಬಂದ್ಮೇಲೆ ಅರ್ಜಿ ಹಾಕೋಣ ಅಂದ್ರು.

ಕರಿಕೋಟು

ಅದು ಚೆಕ್ ಬೌನ್ಸ್ ಕಾನೂನಿನ 143ಎ ಸೆಕ್ಷನ್. ಚೆಕ್ ಮೊತ್ತದ 20 ಪರ್ಸೆಂಟ್ ವರೆಗೆ. ಕೇಳಿದ ತಕ್ಷಣ ಕೊಡಲ್ಲ, ಜಡ್ಜ್ ವಿವೇಚನೆ, ಆದ್ರೂ ಕೇಳಿ.

ಪೀಣ್ಯ_ಪೌಡರ್‌ಕೋಟ್

ಒಂದೂವರೆ ತಿಂಗಳಾದ್ಮೇಲೆ ಬರ್ತಿದೀನಿ. ಈಗ ಶನಿವಾರ ಮೆಸೇಜ್ ಹಾಕ್ತೀನಿ, ಸೋಮವಾರದೊಳಗೆ ಉತ್ತರ ಬರತ್ತೆ. ಹೊಸ ತಲೆನೋವು ಏನಂದ್ರೆ ಸಮನ್ಸ್ ಹೋಗಿ "ಡೋರ್ ಲಾಕ್" ಅಂತ ವಾಪಸ್ ಬಂದಿದೆ. ಬೊಮ್ಮಸಂದ್ರದ ಶೆಡ್ ಖಾಲಿ ಮಾಡಿದಾನಂತೆ. ಬೇರೆ ಅಡ್ರೆಸ್ ಕೊಡಿ ಅಂತ ವಕೀಲರು ಕೇಳಿದಾರೆ.

ಎಚ್ಎಸ್ಆರ್_ಇನ್‌ಹೌಸ್

ಅವನ ಜಿಎಸ್‌ಟಿ ನಂಬರ್ ನಿಮ್ಮ ಬಿಲ್ಲಲ್ಲಿದೆಯಲ್ಲ, ಜಿಎಸ್‌ಟಿ ಪೋರ್ಟಲ್ಲಲ್ಲಿ ಹಾಕಿ ಹುಡುಕಿ, ವ್ಯವಹಾರದ ಮುಖ್ಯ ಜಾಗ ಅಂತ ವಿಳಾಸ ತೋರಿಸತ್ತೆ. ಶೆಡ್ ಬದಲಾಯಿಸಿದ್ರೆ ಅಲ್ಲಿ ತಿದ್ದಿಸಿರ್ಬಹುದು.

ಕರಿಕೋಟು

ಅವನ ಮೊಬೈಲ್ ನಂಬರು, ಇಮೇಲು ಕೂಡ ವಕೀಲರಿಗೆ ಕೊಡಿ. ಚೆಕ್ ಕೇಸಲ್ಲಿ ಸಮನ್ಸನ್ನ ದೂರುದಾರರ ಕೈಯಲ್ಲೇ ದಸ್ತಿಯಾಗಿ ಕೊಟ್ಟು ಜಾರಿ ಮಾಡ್ಸೋದು, ವಾಟ್ಸಾಪು ಇಮೇಲಲ್ಲೂ ಕಳ್ಸೋದು, ಇದಕ್ಕೆಲ್ಲ ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರಲ್ಲಿ ನಿರ್ದೇಶನ ಕೊಟ್ಟಿದೆ. ನಂಬರ್ ಅವನದ್ದೇ ಅಂತ ನೀವು ಅಫಿಡವಿಟ್ ಹಾಕ್ಬೇಕಾಗತ್ತೆ, ಹಂಗಾಗಿ ಕೊಡೋ ಮುಂಚೆ ಒಂದ್ಸಲ ಫೋನ್ ಮಾಡಿ ಅವನೇ ಎತ್ತುತ್ತಾನಾ ನೋಡ್ಕೊಳಿ.

ಪೀಣ್ಯ_ಪೌಡರ್‌ಕೋಟ್

ಮಾಡ್ದೆ ಸರ್ ಈಗ್ಲೇ, ಕೆಲಸದ ಹುಡುಗನ ಫೋನಿಂದ. ಎತ್ತಿದ. "ಯಾರ್ರೀ" ಅಂದ, ಅವನದೇ ಧ್ವನಿ. ಜಿಎಸ್‌ಟೀಲಿ ಅಡ್ರೆಸ್ ಜಿಗಣಿ ಅಂತ ತೋರಿಸ್ತಿದೆ.